ಹಿತ್ತಿಲ ಮಾವಿನಲ್ಲಿ ಹಾಲಕ್ಕಿ ಸಂಸಾರ

ಯುಗಾದಿ ಹೊತ್ತಿಗೆ ಶ್ರೀನಿವಾಸಪುರದ ತೋಪುಗಳಲ್ಲಿ ಎಲ್ಲರ ಕಣ್ಣೂ ಮಾವಿನ ಮಿಡಿಯ ಮೇಲಿರುತ್ತದೆ. ಅದೇ ಮರದ ಪೊಟರೆಯಲ್ಲಿ ಹಾಲಕ್ಕಿ ಮರಿ ಸಾಕುತ್ತಿದ್ದರೂ ಗಮನಿಸುವವರು ಕಡಿಮೆ. ಇದು ಗೇಣುದ್ದದ ಪುಟ್ಟ ಗೂಬೆ. ಬೂದುಗಂದು ಮೈತುಂಬ ಬಿಳಿ ಚುಕ್ಕೆ, ಹಳದಿ ಕಣ್ಣು. ಬೆಳಗಿನ ಜಾವ ಬುಡಬುಡಿಕೆಯವರು ಬಂದು ‘ಹಾಲಕ್ಕಿ ನುಡೀತು’ ಎಂದರೆ ಮೊರದಲ್ಲಿ ಅಕ್ಕಿ ತಂದು ನೀಡುವ ಮನೆಯವರೇ, ಆ ಹಕ್ಕಿ ಸೂರಿನ ಮೇಲೆ ಕೂತು ಕಿರುಚಿದರೆ ಕಲ್ಲು ಬೀಸುತ್ತಾರೆ!

ಇದನ್ನು ಹುಡುಕಲು ಕಾಡಿಗೆ ಹೋಗಬೇಕಿಲ್ಲ. ಹಳೇ ಮಾವು, ಹುಣಸೆ, ಆಲದ ಮರಗಳ ಪೊಟರೆ, ಪಾಳುಗೋಡೆಯ ಸಂದು ಇದರ ಮನೆ. ಮಾಲೂರು ಕಡೆಯ ನೀಲಗಿರಿ ತೋಪುಗಳಲ್ಲಿ ಹುಡುಕಿ ಫಲವಿಲ್ಲ. ಕೆಲವೇ ವರ್ಷಕ್ಕೆ ಕಟಾವಾಗುವ ಮರದಲ್ಲಿ ಪೊಟರೆ ಎಲ್ಲಿಂದ ಬರಬೇಕು? ಹಗಲಲ್ಲಿ ಮೈನಾ, ಅಳಿಲು, ಸೂರಕ್ಕಿಗಳೆಲ್ಲ ಒಂದೇ ಕೊಂಬೆಯತ್ತ ಮುಖ ಮಾಡಿ ಗದ್ದಲ ಎಬ್ಬಿಸುತ್ತಿದ್ದರೆ ಅಲ್ಲೊಮ್ಮೆ ನೋಡಿ. ಬುಡದಲ್ಲಿ ಸುಣ್ಣ ಚೆಲ್ಲಿದಂಥ ಹಿಕ್ಕೆ ಕಂಡರೆ ಅನುಮಾನವೇ ಬೇಡ.

ಹಿಕ್ಕೆಯ ಪಕ್ಕದಲ್ಲೇ ಹೆಬ್ಬೆರಳ ತುದಿಯಷ್ಟು ದಪ್ಪದ ಒಣ ಉಂಡೆಗಳೂ ಸಿಗಬಹುದು. ಜೀರ್ಣವಾಗದ್ದನ್ನು ಹಾಲಕ್ಕಿ ಹೀಗೆ ಬಾಯಿಂದಲೇ ಹೊರಹಾಕುತ್ತದೆ. ನೀರಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿದರೆ ಮಿರುಗುವ ಜೀರುಂಡೆಯ ರೆಕ್ಕೆಚಿಪ್ಪು, ಇಲಿಯ ಕೂದಲು, ಸೂಜಿಯಂಥ ಮೂಳೆ ಕಾಣುತ್ತವೆ. ರಾತ್ರಿ ಊಟದ ಪಟ್ಟಿಯೇ ಅದು. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಆಮೇಲೆ ಸೋಪು ಹಚ್ಚಿ ಕೈ ತೊಳೆಸಿ.

ನೋಡಲು ಮುಸ್ಸಂಜೆಯೇ ಸರಿಯಾದ ಹೊತ್ತು. ಹತ್ತಾರು ಹೆಜ್ಜೆ ದೂರದಲ್ಲಿ ಸುಮ್ಮನೆ ಕೂತರೆ ಜೋಡಿಯಾಗಿ ಹೊರಬಂದು, ತಲೆ ಮೇಲೆ ಕೆಳಗೆ ಆಡಿಸುತ್ತಾ ನಿಮ್ಮನ್ನೇ ದಿಟ್ಟಿಸುತ್ತವೆ. ಟಾರ್ಚ್ ಬೇಡ, ಫ್ಲ್ಯಾಶ್ ಅಂತೂ ಬೇಡವೇ ಬೇಡ. ಇಡುವುದು ಮೂರೋ ನಾಲ್ಕೋ ಮೊಟ್ಟೆ. ಮೊದಲ ಮೊಟ್ಟೆಯಿಂದಲೇ ಕಾವು ಶುರುವಾಗುವುದರಿಂದ ಒಂದೇ ಗೂಡಲ್ಲಿ ದೊಡ್ಡದು, ಚಿಕ್ಕದು ಮರಿಗಳಿರುತ್ತವೆ. ಹಲವು ಸಲ ಒಂದೆರಡು ಮಾತ್ರ ಬದುಕುತ್ತವೆ.

ಮರಿ ಕೆಳಗೆ ಬಿದ್ದಿದ್ದರೆ? ಹಾಲು, ಅನ್ನ ತಿನ್ನಿಸಬೇಡಿ. ಗಾಯವಿಲ್ಲದಿದ್ದರೆ ಬಟ್ಟೆಯಲ್ಲಿ ಹಿಡಿದು ಪೊಟರೆಗೋ ಹತ್ತಿರದ ಕೊಂಬೆಗೋ ಸೇರಿಸಿ, ನಾಯಿ ಬೆಕ್ಕು ಸುಳಿಯದಂತೆ ನೋಡಿಕೊಂಡು ದೂರ ಸರಿಯಿರಿ. ಮುಟ್ಟಿದ ಮಾತ್ರಕ್ಕೆ ತಾಯಿ ಬಿಟ್ಟುಹೋಗುವುದಿಲ್ಲ. ರೆಕ್ಕೆ ಜೋತಿದ್ದರೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಮನೆಯಲ್ಲೇ ಸಾಕೋಣ ಎಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಪ್ಪುವುದಿಲ್ಲ.

ಇಷ್ಟು ಮಾಡಿಯೂ ಇಲಿ ಪಾಷಾಣ ಇಟ್ಟರೆ ಎಲ್ಲ ವ್ಯರ್ಥ. ಬ್ರೋಮಾಡಿಯೋಲೋನ್ ತಿಂದ ಇಲಿ ತಕ್ಷಣ ಸಾಯದೆ ಕೆಲವು ದಿನ ಮಂಕಾಗಿ ಓಡಾಡುತ್ತದೆ. ಸುಲಭದ ಬೇಟೆಯೆಂದು ಹಾಲಕ್ಕಿ ಅದನ್ನೇ ಹಿಡಿದರೆ ವಿಷ ಅದರ ಮೈಗೂ ಸೇರುತ್ತದೆ. ಬೋನೇ ವಾಸಿ. ಹಾಗೆಯೇ ಕೊಯ್ಲು ಮುಗಿದ ಮೇಲೆ ಮರ ಸವರುವಾಗ, ಮನೆ ಮೇಲೆ ಬೀಳುವ ಭಯವಿಲ್ಲದ ಟೊಳ್ಳು ಕೊಂಬೆಯೊಂದನ್ನು ಉಳಿಸಿ.

ಹಳೇ ಮರವೇ ಇಲ್ಲದ ಕೋಲಾರದ ಹೊಸ ಬಡಾವಣೆಯವರು ಹಲಗೆ ಪೆಟ್ಟಿಗೆ ಕಟ್ಟಿ ನೋಡಬಹುದು. ತಳ 8 ಅಂಗುಲ ಚೌಕ, ಎತ್ತರ 15 ಅಂಗುಲ, ಮೇಲ್ಭಾಗದಲ್ಲಿ 3 ಅಂಗುಲದ ದುಂಡನೆ ಕಿಂಡಿ. ಒಳಗೆ ಪೇಂಟ್ ಬೇಡ; ತಳಕ್ಕೆ ನೀರಿಳಿಯಲು ನಾಲ್ಕು ತೂತು, ಮೇಲೊಂದು ಹಿಡಿ ಮರದ ಹೊಟ್ಟು ಸಾಕು. 10–12 ಅಡಿ ಎತ್ತರದಲ್ಲಿ, ಮಧ್ಯಾಹ್ನದ ಬಿಸಿಲು ತಾಗದ ಕಡೆ, ದೀಪಾವಳಿ ಕಳೆಯುತ್ತಿದ್ದಂತೆ ಕಟ್ಟಿಬಿಡಿ. ಈ ವಸಂತದಲ್ಲಿ ಕಟ್ಟಿದರೆ ಹಾಲಕ್ಕಿ ಬರುವುದು ಕಷ್ಟ; ಮೊದಲು ಮೈನಾ ಬಂದು ಜಾಗ ಹಿಡಿಯುವ ಸಂಭವವೇ ಹೆಚ್ಚು.