ಡಿಸ್ಕ್ ಜಾರಿದೆ ಅಂದರೆ ಏನು ಮಾಡಬೇಕು? ಹಂತ ಹಂತವಾಗಿ

ಎಂಆರ್‌ಐ ರಿಪೋರ್ಟಿನಲ್ಲಿ ‘ಎಲ್4-ಎಲ್5’ ಎಂದು ಓದಿ ನಿದ್ದೆ ಹಾರಿಹೋಯಿತೇ? ಭಯಪಡಬೇಡಿ. ಸುರತ್ಕಲ್‌ನಲ್ಲಿ ತಡ್ಪೆ (ಮೊರ) ಮಡಿಲಲ್ಲಿಟ್ಟು ಬೀಡಿ ಕಟ್ಟುವ ಅಕ್ಕಂದಿರಿಗೂ, ಎನ್‌ಐಟಿಕೆ ಹಾಸ್ಟೆಲಿನಲ್ಲಿ ಲ್ಯಾಪ್‌ಟಾಪ್ ಮೇಲೆ ಬಾಗಿ ಕೂರುವ ಹುಡುಗರಿಗೂ ಸೊಂಟ ಹಿಡಿಯುವುದು ಹೊಸತಲ್ಲ. ಹೆಚ್ಚಿನವರಿಗೆ 6ರಿಂದ 12 ವಾರಗಳಲ್ಲಿ ಆಪರೇಷನ್ ಇಲ್ಲದೆಯೇ ನೋವು ಇಳಿಯುತ್ತದೆ.

1. ಏನಾಗಿದೆ ಎಂದು ತಿಳಿದುಕೊಳ್ಳಿ. ಬೆನ್ನುಮೂಳೆಗಳ ನಡುವೆ ಡಿಸ್ಕ್‌ಗಳಿವೆ; ‘ಎಲ್4-ಎಲ್5’ ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನದು. ಹೊರಗೆ ಗಟ್ಟಿ ನಾರಿನ ಪದರ, ಒಳಗೆ ಲೋಳೆಯಂಥ ತಿರುಳು. ಪದರ ಬಿರಿದಾಗ ತಿರುಳು ಹೊರಚಾಚಿ ನರವನ್ನು ಕೆಣಕುತ್ತದೆ. ಸೊಂಟಕ್ಕಿಂತ ಕಾಲೇ ಹೆಚ್ಚು ಸೆಳೆಯುವುದು ಅದಕ್ಕೇ. ಎಚ್ಚರಿಕೆ: ಡಿಸ್ಕ್ ತನ್ನ ಜಾಗ ಬಿಟ್ಟು ಹೋಗಿರುವುದಿಲ್ಲ. ಎಳೆದು ಕೂರಿಸುತ್ತೇನೆ ಎನ್ನುವವರ ಕೈಗೆ ಸೊಂಟ ಕೊಡಬೇಡಿ.

2. ಅಪಾಯದ ಲಕ್ಷಣ ಇದೆಯೇ ನೋಡಿ. ಮೂತ್ರ ಕಟ್ಟಿದೆಯೇ? ಮಲಮೂತ್ರ ಅರಿವಿಲ್ಲದೆ ಹೋಗುತ್ತಿದೆಯೇ? ತೊಡೆಸಂದು, ಗುದದ ಸುತ್ತ ಮರಗಟ್ಟಿದೆಯೇ? ಎರಡೂ ಕಾಲು ಸೋಲುತ್ತಿವೆಯೇ? ಒಂದಕ್ಕಾದರೂ ಹೌದು ಎಂದಾದರೆ ಮುಂದೆ ಓದಬೇಡಿ. 108ಕ್ಕೆ ಫೋನ್ ಮಾಡಿ, ಮಂಗಳೂರಿನ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ನಾಳೆ ಬೆಳಿಗ್ಗೆ ನೋಡೋಣ ಎನ್ನುವ ಕಾಯಿಲೆ ಅಲ್ಲ ಇದು.

3. ಕಾಲಿನ ಬಲ ಪರೀಕ್ಷಿಸಿ. ಗೋಡೆ ಹಿಡಿದು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ಆಮೇಲೆ ತುದಿಗಾಲಲ್ಲಿ ನಾಲ್ಕು ಹೆಜ್ಜೆ ಇಡಿ. ಪಾದ ಎತ್ತಲಾಗದಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

4. ಮಲಗುವುದನ್ನು ಸರಿಮಾಡಿಕೊಳ್ಳಿ. ಅಂಗಾತ ಮಲಗಿದರೆ ಮಂಡಿಯ ಕೆಳಗೆ ದಿಂಬು, ಮಗ್ಗುಲಾದರೆ ಮಂಡಿಗಳ ನಡುವೆ ದಿಂಬು. ‘ನೆಲದಲ್ಲೇ ಮಲಗು’ ಎಂದು ಹಿರಿಯರು ಹೇಳುತ್ತಾರೆ. ಅದೇನೂ ಕಡ್ಡಾಯವಲ್ಲ, ನೆಲದಿಂದ ಏಳುವುದೇ ದೊಡ್ಡ ಪಾಡು. ತೀರಾ ನೋವಿದ್ದರೆ ಒಂದೆರಡು ದಿನ ವಿಶ್ರಾಂತಿ ಸಾಕು.

5. ಎದ್ದೇಳುವುದನ್ನು ಕಲಿಯಿರಿ. ಹೊಸಬರು ತಪ್ಪುವುದು ಇಲ್ಲೇ: ಮಲಗಿದಲ್ಲಿಂದ ಸೀದಾ ಎದ್ದು ಕೂರುತ್ತಾರೆ, ಸೊಂಟ ಮತ್ತೆ ಹಿಡಿಯುತ್ತದೆ. ಮೊದಲು ಮಂಡಿ ಮಡಚಿ. ಭುಜ, ಸೊಂಟ, ಮಂಡಿ ಒಟ್ಟಿಗೇ ಉರುಳುವಂತೆ ಮಗ್ಗುಲಾಗಿ. ಕಾಲುಗಳನ್ನು ಮಂಚದಿಂದ ಕೆಳಗೆ ಬಿಡುತ್ತಾ, ಕೈಯೂರಿ ಮೈ ಎತ್ತಿ. ಉಸಿರು ಹಿಡಿಯಬೇಡಿ. ಕೂತು ಒಂದು ಕ್ಷಣ ತಡೆದು ನಿಲ್ಲಿ.

6. ನಡೆಯಿರಿ. ಮೊದಲ ದಿನ ಅಂಗಳದಲ್ಲಿ ಐದು ನಿಮಿಷ, ದಿನಕ್ಕೆ ಮೂರ್ನಾಲ್ಕು ಬಾರಿ. ತಡೆದುಕೊಳ್ಳುವಷ್ಟು ಹೆಚ್ಚಿಸುತ್ತಾ ಹೋಗಿ. ಲೈಟ್‌ಹೌಸ್ ಬಳಿಯ ಬೀಚು ಚಂದವೇ, ಆದರೆ ಇಳಿಜಾರಿನ ಸಡಿಲ ಮರಳು ಈಗ ಬೇಡ; ಸಮತಟ್ಟಾದ ರಸ್ತೆಯೇ ಒಳ್ಳೆಯದು.

7. ಕೂರುವ ಹೊತ್ತನ್ನು ತುಂಡು ಮಾಡಿ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ಬೀಡಿ ಕಟ್ಟುವವರು ನೆಲ ಬಿಟ್ಟು ಬೆನ್ನಿಗೆ ಆಸರೆಯಿರುವ ಕುರ್ಚಿಗೆ ಬನ್ನಿ, ತಡ್ಪೆಯನ್ನು ಎತ್ತರದ ಮೇಜಿನ ಮೇಲಿಡಿ. ಮಂಗಳೂರಿನ ಸ್ಟೇಟ್‌ಬ್ಯಾಂಕ್‌ಗೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟು ಬೇಡವೇ ಬೇಡ. ಹಂಪ್ ಬಂದಾಗ ಗೊತ್ತಾಗುತ್ತದೆ. ಕೆಲವು ವಾರ ಸ್ಕೂಟರಿಗೂ ರಜೆ ಕೊಡಿ.

8. ಭಾರ ಎತ್ತಬೇಡಿ. ಬಾವಿಯಿಂದ ನೀರು ಸೇದುವುದು, ಗ್ಯಾಸ್ ಸಿಲಿಂಡರ್ ಸರಿಸುವುದು ಮನೆಯ ಬೇರೆಯವರ ಪಾಲಿಗಿರಲಿ. ಸಣ್ಣದನ್ನು ಎತ್ತಲೇಬೇಕಾದರೆ ಮಂಡಿ ಮಡಚಿ, ವಸ್ತುವನ್ನು ಹೊಟ್ಟೆಗೆ ಒತ್ತಿಹಿಡಿದು ಏಳಿ. ಎತ್ತಿಕೊಂಡು ಸೊಂಟ ತಿರುಗಿಸಬೇಡಿ, ಪಾದಗಳನ್ನೇ ತಿರುಗಿಸಿ.

9. ಮಾತ್ರೆ ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ. ಗ್ಯಾಸ್ಟ್ರಿಕ್, ಕಿಡ್ನಿ, ಬಿಪಿ ತೊಂದರೆ ಇದ್ದರೆ ಮೆಡಿಕಲ್‌ನವರು ಕೊಟ್ಟ ನೋವಿನ ಮಾತ್ರೆಯನ್ನು ಸುಮ್ಮನೆ ನುಂಗಬೇಡಿ. ಸೊಂಟದ ಬೆಲ್ಟನ್ನೂ ದಿನವಿಡೀ, ತಿಂಗಳುಗಟ್ಟಲೆ ಕಟ್ಟಬೇಡಿ.

10. ಫಿಸಿಯೋಥೆರಪಿಸ್ಟ್ ಬಳಿ ವ್ಯಾಯಾಮ ಕಲಿಯಿರಿ. ಯೂಟ್ಯೂಬ್ ನೋಡಿ ಪಾದ ಮುಟ್ಟಲು ಬಾಗಬೇಡಿ. ವ್ಯಾಯಾಮದ ನಂತರ ನೋವು ಕಾಲು ಬಿಟ್ಟು ಸೊಂಟದ ಕಡೆ ಸರಿದರೆ ಒಳ್ಳೆಯ ಲಕ್ಷಣ. ಕಾಲಿನಲ್ಲಿ ಇನ್ನೂ ಕೆಳಕ್ಕೆ ಇಳಿದರೆ ಆ ವ್ಯಾಯಾಮ ನಿಲ್ಲಿಸಿ, ಫಿಸಿಯೋಥೆರಪಿಸ್ಟ್‌ಗೆ ಹೇಳಿ.

11. ಆರು ವಾರ ಇಷ್ಟೆಲ್ಲ ಮಾಡಿಯೂ ಕಾಲುನೋವು ಇಳಿಯದಿದ್ದರೆ ಮೂಳೆ ಅಥವಾ ನರರೋಗದ ಸರ್ಜನ್ ಹತ್ತಿರ ಆಪರೇಷನ್ ವಿಷಯ ಮಾತಾಡಿ. ಹೋಗುವಾಗ ರಿಪೋರ್ಟಿನ ಹಾಳೆ ಮಾತ್ರವಲ್ಲ, ಎಂಆರ್‌ಐ ಫಿಲ್ಮನ್ನೂ ಒಯ್ಯಿರಿ.