ಚಕ್ರದ ಕಾವಲುಗಾರನಿಗೂ ಒಂದು ಪರೀಕ್ಷೆ

ವಿಜಯನಗರ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ, ಹೆಬ್ಬಂಡೆಗಳ ನಡುವೆ ಏಪ್ರಿಲ್ ತಿಂಗಳ ನಡುಹಗಲು ನಿಂತವರಿಗೆ ಕಾವೆಂದರೇನೆಂದು ವಿವರಿಸಬೇಕಾಗಿಲ್ಲ. ಅಲ್ಲಿಯ ಕೋಟೆಯನ್ನು ನೋಡಲು ನಾವು ಒಮ್ಮೆ ಮಿತ್ರರೊಬ್ಬರ ಕಾರಿನಲ್ಲಿ ಹೋಗಿದ್ದೆವು. ಟೈರಿನ ಒತ್ತಡವನ್ನು ತಿಳಿಸುವ ನಾಲ್ಕು ಪುಟ್ಟ ಉಪಕರಣಗಳನ್ನು ಅವರು ಅಂಗಡಿಯಲ್ಲಿ ಕೊಂಡು, ವಾಲ್ವುಗಳ ಮೇಲೆ ಮುಚ್ಚಳದಂತೆ ತಿರುಗಿಸಿ ಕೂರಿಸಿದ್ದರು. ಒಂದು ಚಕ್ರದ ಒತ್ತಡ ದಿನದಿನವೂ ಇಳಿಯುತ್ತಿದೆಯೆಂದು ಚಾಲಕನ ಮುಂದಿನ ತೆರೆ ಹೇಳುತ್ತಿತ್ತು. ಪಂಚರು ಅಂಗಡಿಯವನು ಟೈರನ್ನು ನೀರಿನಲ್ಲಿ ಮುಳುಗಿಸಿ ನೋಡಿದ, ತೂತು ಕಾಣಲಿಲ್ಲ. ಕೊನೆಗೆ ಆ ಉಪಕರಣದ ಬುಡಕ್ಕೆ ಸಾಬೂನಿನ ನೀರನ್ನು ಹಚ್ಚಿದಾಗ ಗುಳ್ಳೆಗಳು ಎದ್ದವು. ಗಾಳಿಯನ್ನು ಕಾಯಲು ನಿಂತದ್ದೇ ಗಾಳಿಯನ್ನು ಬಿಡುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು!

ಹೀಗೇಕೆ ಆಗುತ್ತದೆ ಎಂಬುದನ್ನು ವಿಚಾರಿಸೋಣ. ವಾಲ್ವಿನ ಒಳಗೆ ಸ್ಪ್ರಿಂಗಿನ ಬಲದಿಂದ ಮುಚ್ಚಿಕೊಂಡಿರುವ ಒಂದು ಸಣ್ಣ ಕಡ್ಡಿ ಉಂಟು. ಮುಚ್ಚಳದಂತಹ ಉಪಕರಣವು ಈ ಕಡ್ಡಿಯನ್ನು ಸದಾ ಒತ್ತಿ ಹಿಡಿದರೆ ಮಾತ್ರ ಒಳಗಿನ ಗಾಳಿ ಅದರ ಅಳತೆಯ ಭಾಗವನ್ನು ಮುಟ್ಟಬಲ್ಲದು. ಎಂದರೆ ವಾಲ್ವು ಸದಾ ತೆರೆದೇ ಇರುತ್ತದೆ. ಟೈರಿನ ಗಾಳಿಯನ್ನು ತಡೆಯುವ ಹೊಣೆಯೆಲ್ಲ ಉಪಕರಣದೊಳಗಿನ ಒಂದು ರಬ್ಬರಿನ ಬಿಲ್ಲೆಯ ಮೇಲೆ ಬೀಳುತ್ತದೆ. ಅದು ಕಾವಿಗೂ ಧೂಳಿಗೂ ಸಿಕ್ಕಿ ಗಡುಸಾದರೆ ಗಾಳಿ ಸೋರುವುದು ಸಹಜ.

ಎರಡನೆಯ ತೊಂದರೆ ತೂಕದ್ದು. ಉಪಕರಣದ ತೂಕ ಕೇವಲ 10 ಗ್ರಾಂ ಎನ್ನೋಣ. ಅದು ಅಚ್ಚಿನಿಂದ 0.2 ಮೀಟರು ದೂರದಲ್ಲಿರಲಿ. ಚಕ್ರದ ತ್ರಿಜ್ಯ 0.3 ಮೀಟರು ಇರಲಿ. ಕಾರು ಗಂಟೆಗೆ 100 ಕಿಲೋಮೀಟರು, ಅಂದರೆ ಸೆಕೆಂಡಿಗೆ 27.8 ಮೀಟರು ಓಡುವಾಗ ಕೋನೀಯ ವೇಗ ಸೆಕೆಂಡಿಗೆ ಸುಮಾರು 93 ರೇಡಿಯನ್. ಇದರ ವರ್ಗವನ್ನು 0.2ರಿಂದ ಗುಣಿಸಿದರೆ ಬರುವ ವೇಗೋತ್ಕರ್ಷವು ಗುರುತ್ವದ ವೇಗೋತ್ಕರ್ಷದ ಸುಮಾರು 175 ಪಟ್ಟು! 10 ಗ್ರಾಮಿನ ವಸ್ತು ಆಗ ಕಾಲು ಕಡಿಮೆ ಎರಡು ಕಿಲೋಗ್ರಾಂ ತೂಕದ ವಸ್ತುವಿನಂತೆ ವಾಲ್ವಿನ ರಬ್ಬರು ಕಾಂಡವನ್ನು ಹೊರಕ್ಕೆ ಜಗ್ಗುತ್ತದೆ. ಸಾಮಾನ್ಯ ಪ್ಲಾಸ್ಟಿಕ್ ಮುಚ್ಚಳವೊಂದನ್ನೇ ಹೊರಲು ಮಾಡಿದ ಕಾಂಡ ಇದನ್ನು ಎಷ್ಟು ದಿನ ತಾಳೀತು?

ಮೂರನೆಯದು ಅಂಕಿಯನ್ನು ಓದುವ ವಿವೇಕಕ್ಕೆ ಸೇರಿದ್ದು. ಮಾಪಕ ತೋರಿಸುವುದು ವಾಯುಮಂಡಲದ ಒತ್ತಡಕ್ಕಿಂತ ಎಷ್ಟು ಹೆಚ್ಚೆಂಬುದನ್ನು ಮಾತ್ರ. ಮುಂಜಾನೆ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 32 ಪೌಂಡು ಗಾಳಿ ಹೊಡೆಸಿದೆವೆಂದರೆ, ಹೊರಗಿನ ಸುಮಾರು 14 ಪೌಂಡು ಸೇರಿ ಚದರ ಅಂಗುಲಕ್ಕೆ ನಿಜವಾದ ಒತ್ತಡ 46 ಪೌಂಡು. ಓಟದಿಂದಲೂ ಬಿಸಿಲಿನಿಂದಲೂ ಟೈರಿನೊಳಗಿನ ಗಾಳಿ 57 ಡಿಗ್ರಿಗೆ ಏರಿದರೆ, ನಿರಪೇಕ್ಷ ಉಷ್ಣತೆ 300ರಿಂದ 330ಕ್ಕೆ ಏರಿತು. ಗಾತ್ರ ಹೆಚ್ಚು ಬದಲಾಗದಿರುವುದರಿಂದ ಒತ್ತಡವೂ ಅದೇ ಪ್ರಮಾಣದಲ್ಲಿ ಏರಿ 50.6 ಪೌಂಡಾಗುತ್ತದೆ, ಮಾಪಕ 36.6 ತೋರಿಸುತ್ತದೆ. ಇದು ದೋಷವಲ್ಲ. ಅಪಾಯವಿರುವುದು ಇದರ ಇನ್ನೊಂದು ಮಗ್ಗುಲಲ್ಲಿ. ಅದೇ ಬಿಸಿ ಟೈರಿನಲ್ಲಿ ಗಾಳಿ ಸೋರಿ ಮಾಪಕ 27 ತೋರಿಸಿದರೆ, ತಣಿದ ಮೇಲೆ ಅದು ಕೇವಲ 23 ಆಗುತ್ತದೆ. 24ಕ್ಕೆ ಕೂಗುವಂತೆ ಹೊಂದಿಸಿದ, ಉಷ್ಣತೆಯನ್ನು ಲೆಕ್ಕಕ್ಕೆ ಹಿಡಿಯದ ಉಪಕರಣ ದಾರಿಯುದ್ದಕ್ಕೂ ಮೌನವಾಗಿರುತ್ತದೆ. ಗಾಳಿ ಕಡಿಮೆಯಾದ ಟೈರಿನ ಪಕ್ಕಗಳು ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗಿ ಇನ್ನಷ್ಟು ಕಾಯುತ್ತವೆ. ಪದರಗಳು ಬಿಟ್ಟುಕೊಂಡು ಟೈರು ಸಿಡಿಯುವ ಸಂಭವ ಉಂಟು.

ಇದು ಬರಿಯ ಲೆಕ್ಕದ ಮಾತಲ್ಲ. ಅಮೆರಿಕದಲ್ಲಿ ಟೈರುಗಳ ಪದರ ಕಳಚಿ 200ಕ್ಕೂ ಹೆಚ್ಚು ಜನ ಸತ್ತ ಪ್ರಕರಣದಲ್ಲಿ ಫೈರ್‌ಸ್ಟೋನ್ ಸಂಸ್ಥೆಯು 2000ದ ಆಗಸ್ಟಿನಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಿತು. ಅದೇ ವರ್ಷದ ನವೆಂಬರಿನಲ್ಲಿ ಅಲ್ಲಿ ಹೊಸ ಶಾಸನವಾಯಿತು. ಅದರ ಫಲವಾಗಿ 2007ರ ಸೆಪ್ಟೆಂಬರಿನ ನಂತರ ತಯಾರಾದ ಲಘು ವಾಹನಗಳಲ್ಲೆಲ್ಲ ಒತ್ತಡದ ಎಚ್ಚರಿಕೆಯ ವ್ಯವಸ್ಥೆ ಕಡ್ಡಾಯವಾಯಿತು. ಒತ್ತಡವು ವಿಧಿಸಿದ್ದಕ್ಕಿಂತ ಶೇಕಡಾ 25 ಇಳಿದರೆ 20 ನಿಮಿಷಗಳೊಳಗೆ ದೀಪ ಬೆಳಗಬೇಕು. ಆದರೆ ಈ ಮಾನಕ ಅನ್ವಯಿಸುವುದು ಹೊಸ ವಾಹನಕ್ಕೆ. ಅಂಗಡಿಯಲ್ಲಿ ಬಿಡಿಯಾಗಿ ಕೊಂಡ ಉಪಕರಣಕ್ಕಲ್ಲ. ಹಾಗೆಂದು ಅದು ಕಾನೂನಿನಿಂದ ತಪ್ಪಿಸಿಕೊಳ್ಳುವಂತೆಯೂ ಇಲ್ಲ. 1966ರ ವಾಹನ ಸುರಕ್ಷತಾ ಶಾಸನದಂತೆ ಬಿಡಿ ಉಪಕರಣದಲ್ಲಿಯೂ ಸುರಕ್ಷತೆಯ ದೋಷ ಕಂಡರೆ ಅದನ್ನು ಹಿಂದಕ್ಕೆ ಕರೆಯಬೇಕು. 2008ರಲ್ಲಿ ಓಝೋನಿನಿಂದ ಬಿರುಕು ಬಿಡುತ್ತಿದ್ದ ರಬ್ಬರು ವಾಲ್ವುಗಳ ಮೇಲೆ ಅಲ್ಲಿ ತನಿಖೆ ನಡೆದು, ಅವು ಮಾರುಕಟ್ಟೆಯಿಂದ ಹಿಂದಕ್ಕೆ ಹೋದವು.

ಇಂತಹ ತನಿಖೆಯ ಕ್ರಮ ನಮ್ಮ ಪ್ರಯೋಗಾಲಯದ ಕ್ರಮವನ್ನೇ ಹೋಲುತ್ತದೆ. ಮೊದಲು ಬಳಸುವವರ ದೂರುಗಳನ್ನು ಕಲೆಹಾಕುತ್ತಾರೆ. ಅವುಗಳಲ್ಲಿ ಸಮಾನ ಲಕ್ಷಣ ಕಂಡರೆ ಪ್ರಾಥಮಿಕ ಪರಿಶೀಲನೆ. ಅನುಮಾನ ಬಲವಾದರೆ ಮಾದರಿಗಳನ್ನು ತರಿಸಿ ವಿವರವಾದ ತಾಂತ್ರಿಕ ಪರೀಕ್ಷೆ. ಒಂದು ದೂರು ಆಕಸ್ಮಿಕವಾಗಿರಬಹುದು. ಒಂದೇ ಬಗೆಯ ನೂರು ದೂರುಗಳಿಗೆ ಕಾರಣವೊಂದು ಇದ್ದೇ ಇರುತ್ತದೆ.

ನಮ್ಮ ದೇಶದಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಶಾಸನವು ದೋಷವುಳ್ಳ ವಾಹನಗಳನ್ನು ಹಿಂದಕ್ಕೆ ಕರೆಯುವಂತೆ ಆಜ್ಞಾಪಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಅಪಾಯಕಾರಿ ಸರಕುಗಳ ವಿಷಯದಲ್ಲಿ ಇಂತಹದೇ ಅಧಿಕಾರ 2019ರ ಗ್ರಾಹಕ ಸಂರಕ್ಷಣಾ ಶಾಸನದಡಿ ರಚಿತವಾದ ಕೇಂದ್ರ ಪ್ರಾಧಿಕಾರಕ್ಕೂ ಉಂಟು. 2020ರಲ್ಲಿ ಮಾಡಿದ ನಿಯಮವು, ಟ್ಯೂಬಿಲ್ಲದ ಟೈರು, ದುರಸ್ತಿಯ ಸಾಮಗ್ರಿ ಹಾಗೂ ಒತ್ತಡದ ಎಚ್ಚರಿಕೆ ಇರುವ ಕಾರುಗಳಿಗೆ ಸ್ಟೆಪ್ನಿ ಚಕ್ರ ಬೇಡವೆಂದು ವಿನಾಯಿತಿ ನೀಡಿತು. ಸ್ಟೆಪ್ನಿ ಇಲ್ಲದ ಕಾರಿನಲ್ಲಿ ಸುಳ್ಳು ಹೇಳುವ ಮಾಪಕ ಎಂತಹ ಸಂಗಾತಿಯೆಂಬುದನ್ನು ಓದುಗರೇ ಊಹಿಸಬಹುದು.

ಹಾಗಾದರೆ ಇಂತಹ ಉಪಕರಣಗಳೇ ಬೇಡವೆ? ಹಾಗಲ್ಲ, ಮಾಪನ ಮಾಡುವ ಸಾಧನವನ್ನೂ ಮಾಪನಕ್ಕೆ ಒಳಪಡಿಸಬೇಕು, ಅಷ್ಟೆ. ಕಾರು ಹೊರಡುವ ಮುನ್ನ, ಟೈರು ತಣ್ಣಗಿರುವಾಗ, ಬೇರೊಂದು ಒಳ್ಳೆಯ ಮಾಪಕದ ಅಂಕಿಯೊಡನೆ ತೆರೆಯ ಅಂಕಿಯನ್ನು ಹೋಲಿಸಿರಿ. ವಾಲ್ವಿನ ಬುಡಕ್ಕೂ ಮುಚ್ಚಳಕ್ಕೂ ಸಾಬೂನಿನ ನೀರು ಹಚ್ಚಿ ನೋಡಿರಿ. ಬಿರುಕು ಕಂಡರೆ ಕಾಂಡವನ್ನು ಬದಲಾಯಿಸಿರಿ. ದೋಷ ಕಂಡದ್ದನ್ನು ಅಂಗಡಿಯ ಮಾತಿಗೇ ಬಿಡದೆ, 1915 ಎಂಬ ಗ್ರಾಹಕ ಸಹಾಯವಾಣಿಗೆ ತಿಳಿಸಿರಿ. ನಮ್ಮ ಮಿತ್ರರು ಅಂದು ಆ ಉಪಕರಣವನ್ನು ಕಳಚಿ, ಹಳೆಯ ಮುಚ್ಚಳವನ್ನೇ ಹಾಕಿಸಿದರು. ಮರುದಿನ ಬೆಳಿಗ್ಗೆ ಅಳೆದಾಗ ಗಾಳಿ ಒಂದು ಪೌಂಡೂ ಇಳಿದಿರಲಿಲ್ಲ.