ಒಡ್ಡರಾಮನೆಂಬ ಹೆಸರು

ಹಳೇಬೀಡಿನ ಸಮೀಪದ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕಲ್ಯಾಣಿಯೊಂದಿದೆ. ಕೆಳಗಿಳಿಯುವ ಕಲ್ಲಿನ ಮೆಟ್ಟಿಲುಗಳು, ಅವುಗಳ ನಡುವೆ ಪುಟ್ಟ ಪುಟ್ಟ ಗುಡಿಗಳು. ನೋಡುವವನ ಕಣ್ಣು ಗುಡಿಗಳ ಮೇಲೆ ನಿಲ್ಲುವುದು ಸಹಜ. ಆದರೆ ಕಲ್ಲು ಕೂರುವ ಮೊದಲು ಅಷ್ಟು ಆಳದ ಮಣ್ಣನ್ನು ಯಾರೋ ಅಗೆದು, ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ತಂದಿರಬೇಕಷ್ಟೆ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಹೆಸರನ್ನು ಕೆತ್ತಿದ್ದಾರೆ. ಮಣ್ಣು ಹೊತ್ತವರ ಹೆಸರು ಉಳಿದಿಲ್ಲ. ಅವರನ್ನು ಮುಂಜಾನೆ ಎಣಿಸಿ ಕೆಲಸಕ್ಕೆ ಹಚ್ಚಿದ ಮೇಸ್ತ್ರಿಯ ಹೆಸರೂ ಇಲ್ಲ.

ಅದೇ 12ನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಎಂದರೆ ಈಗಿನ ಸೊಲ್ಲಾಪುರದಲ್ಲಿ, ಇಂಥದೇ ಕೆಲಸದ ಮೇಲ್ವಿಚಾರಣೆಗೆ ನಿಂತವರು ಸಿದ್ಧರಾಮೇಶ್ವರರು. ಕೆರೆ ಕಟ್ಟಿಸುವುದು, ಗುಡಿ ಎತ್ತಿಸುವುದು ಅವರ ವ್ರತವಾಗಿತ್ತು. ಶೂನ್ಯಸಂಪಾದನೆಯು ಹೇಳುವಂತೆ, ಅಲ್ಲಮಪ್ರಭುದೇವರು ಅಲ್ಲಿಗೆ ಬಿಜಯಂಗೈದು, ಅಗೆಯುತ್ತಿದ್ದವರನ್ನು ಕುರಿತು ನಿಮ್ಮ ಒಡ್ಡರಾಮನೆಲ್ಲಿ ಎಂದು ಕೇಳಿದರು. ಗುರುವಿಗೆ ಅಪಮಾನವಾಯಿತೆಂದು ಕೆರಳಿ ಆಳುಗಳು ಕಲ್ಲು ತೂರಿದರು.

ಈ ಪ್ರಸಂಗವನ್ನು ಪ್ರಭುದೇವರ ಮಹಿಮೆಗಾಗಿ ಓದುವುದೇ ವಾಡಿಕೆ. ಆಳುಗಳ ಸಿಟ್ಟನ್ನು ಯಾರೂ ಅಷ್ಟಾಗಿ ವಿಚಾರಿಸುವುದಿಲ್ಲ. ಒಡ್ಡನೆಂದರೆ ಮಣ್ಣು ಅಗೆದು ಕಲ್ಲೊಡೆಯುವ ಕಾಯಕದವನು. ಅದು ಅವರದೇ ಹೆಸರು. ಆ ಹೆಸರಿನಿಂದ ತಮ್ಮ ಒಡೆಯನನ್ನು ಕರೆದದ್ದು ಅವರಿಗೆ ಬೈಗುಳವಾಗಿ ಕೇಳಿಸಿತು. ದಿನವಿಡೀ ಪುಣ್ಯದ ಕೆರೆಯನ್ನು ಅಗೆದರೂ ಅಗೆತ ಹೀನವೆಂಬ ಭಾವ ಅವರಿಂದ ಹೋಗಿರಲಿಲ್ಲ. ಪುಣ್ಯ ಕಟ್ಟಿಸಿದವನದು, ಬೆವರು ಕಟ್ಟಿದವನದು ಎಂಬ ಹಂಚಿಕೆಯನ್ನು ಅವರೂ ಒಪ್ಪಿಕೊಂಡಿದ್ದರು. ಪ್ರಭುದೇವರ ಮಾತು ನಾಟಿದ್ದು ಆ ಹಂಚಿಕೆಗೆ. ಸಿದ್ಧರಾಮರೂ ಮೊದಲು ಕೋಪಗೊಂಡರು, ಆಮೇಲೆ ಮಣಿದರು. ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯನ್ನು ಪಡೆದರು. ಒಡ್ಡರೆಂದು ಕರೆಯಲ್ಪಡುತ್ತಿದ್ದ ಭೋವಿ ಸಮಾಜವು ಇಂದು ಅವರನ್ನೇ ತನ್ನ ಗುರುವೆಂದು ಪೂಜಿಸುತ್ತಿದೆ.

ಮೇಸ್ತ್ರಿಯ ಕಾಯಕ ಸುಲಭದ್ದಲ್ಲ. ಮೇಲೆ ಗುತ್ತಿಗೆದಾರನ ಅವಸರ, ಕೆಳಗೆ ಆಳುಗಳ ದಣಿವು. ಅವನ ಕೈಯಲ್ಲಿರುವುದು ಹಾರೆಯಲ್ಲ, ಹಾಜರಿ ಪುಸ್ತಕ. ಬಾರದವನ ಹೆಸರನ್ನು ಬರೆದರೆ ಅದೊಂದು ಕಳವು. ಬಂದವಳ ಅರ್ಧ ದಿನವನ್ನು ಬರೆಯದೆ ಬಿಟ್ಟರೆ ಇನ್ನೂ ದೊಡ್ಡ ಕಳವು, ಏಕೆಂದರೆ ಆಕೆಗೆ ಓದಲು ಬಾರದಿರಬಹುದು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಆದ ಕಾಯಿದೆಯು ಕೆಲಸದೆಡೆಯಲ್ಲಿ ಕುಡಿಯುವ ನೀರಿರಬೇಕೆಂದೂ, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಕೂಸುಗಳಿಗಾಗಿ ಕೋಣೆಯಿರಬೇಕೆಂದೂ ವಿಧಿಸಿತು. 40 ಮಂದಿ ಹೆಂಗಸರಿರುವಲ್ಲಿ? ಅಲ್ಲಿ ಜೋಲಿಗೆ ನೆರಳು ಹುಡುಕುವುದು ಮೇಸ್ತ್ರಿಯ ಮನಸ್ಸಿಗೆ ಬಿಟ್ಟ ಮಾತು.

ಲೆಕ್ಕದ ವಿಷಯದಲ್ಲಂತೂ ಅವನಿಗೆ ಆಯ್ದಕ್ಕಿ ಲಕ್ಕಮ್ಮನವರಿಗಿಂತ ಹತ್ತಿರದ ಗುರುವಿಲ್ಲ. ಪತಿ ಮಾರಯ್ಯನವರದು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಬೇಕೆಂದರು. ಮಾರಯ್ಯನವರು ಅಕ್ಕಿಯನ್ನು ಹೊತ್ತು ಬಂದ ದಾರಿಯಲ್ಲೇ ಹಿಂದಿರುಗಿದರು.